ಹಾರ ಹಾಕಿದ ಪ್ರೊಸೆಸರ್

ನಮ್ಮ ಎರೆಹಾಳದ ಹಳ್ಳಕ್ಕೆ ಇರುವುದು ಒಂದೇ ಸೇತುವೆ. ರಸ್ತೆ ಅದರ ಮೇಲೆ ಹೋಗುತ್ತದೆ, ಕೇಬಲ್ ಅದರ ಹೊಟ್ಟೆಗೆ ಅಂಟಿಕೊಂಡು ಹೋಗುತ್ತದೆ. ಯಾವ ಜಾಣ ಈ ಯೋಜನೆ ಹಾಕಿದನೋ ಗೊತ್ತಿಲ್ಲ. ಅವನು ನಮ್ಮ ಹಳ್ಳವನ್ನು ಬೇಸಿಗೆಯಲ್ಲಿ ನೋಡಿ ಹೋಗಿರಬೇಕು. ಆಗ ಅದರಲ್ಲಿ ಕುರಿ ಮೇಯುತ್ತಿರುತ್ತವೆ. ಮಳೆಗಾಲದ ಕೊನೆಗೆ ಮೇಲಿನ ಎರೆ ಹೊಲಗಳ ನೀರೆಲ್ಲ ಒಮ್ಮೆಲೇ ಇಳಿದು ಬಂದರೆ ಅದೇ ಹಳ್ಳ ಎಮ್ಮೆಗಳನ್ನು ಹೊತ್ತುಕೊಂಡು ಹೋಗುತ್ತದೆ.

ಹಳ್ಳದ ಮಾತು ಮೊದಲು ಹೇಳಿದ್ದಕ್ಕೆ ಕಾರಣವಿದೆ. ನಾನು ನೀಲಮ್ಮ, ಎರೆಹಾಳದ ತಾಲೂಕು ಆಸ್ಪತ್ರೆಯಲ್ಲಿ ಮದ್ದಿನ ಯಂತ್ರದ ಟೆಕ್ನಿಶಿಯನ್. ಬಾಯಿ ಜೋರಿನ ಹೆಂಗಸು ಎಂದು ಅಲ್ಲಿ ನನಗೆ ಹೆಸರಿದೆ. ಇರಲಿ. ಬಾಯಿ ಸಣ್ಣದು ಮಾಡಿದ್ದರೆ ನನ್ನ ಕೋಣೆಗೆ ಒಂದು ಸೀಲಿಂಗ್ ಫ್ಯಾನೂ ಬರುತ್ತಿರಲಿಲ್ಲ.

ಮದ್ದಿನ ಯಂತ್ರ ಅಂದರೆ ಹಾವಿನ ವಿಷಕ್ಕೆ ಮದ್ದು ಮಾಡುವ ಯಂತ್ರ. ಹಿಂದೆ ಕುದುರೆಯ ರಕ್ತದಿಂದ ತೆಗೆದ ಒಂದೇ ಪ್ರತಿವಿಷವನ್ನು ಎಲ್ಲರಿಗೂ ಚುಚ್ಚುತ್ತಿದ್ದರು. ಬಿಸಿಲು ಏರಿದ ಈ ವರ್ಷಗಳಲ್ಲಿ ಹಾವುಗಳ ವಿಷ ಸೀಮೆ ಸೀಮೆಗೆ ಬದಲಾಗುತ್ತ ಹೋಯಿತು. ಹಳೆಯ ಔಷಧ ಅರ್ಧ ಹಿಡಿಯುತ್ತದೆ, ಅರ್ಧ ಬಿಡುತ್ತದೆ. ಆದ್ದರಿಂದ ಈಗ ಕಚ್ಚಿದ ಜಾಗದಿಂದ ಒಂದು ಹನಿ ತೆಗೆದು ಯಂತ್ರಕ್ಕೆ ಕೊಡುತ್ತೇವೆ. ಅದು ವಿಷದ ಕಣಗಳ ಆಕಾರ ಓದುತ್ತದೆ. ಪ್ರತಿ ಕಣಕ್ಕೂ ಒಂದು ಬಾಯಿ ಇರುತ್ತದೆ. ಆ ಬಾಯಿಗೆ ಸರಿಯಾಗಿ ಕೂರುವ ಬಿರಡೆ ಯಾವುದು ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ, ಪಕ್ಕದ ಪೆಟ್ಟಿಗೆ ಆ ಬಿರಡೆಯನ್ನು ತಯಾರಿಸಿ ಸಿರಿಂಜಿಗೆ ಇಳಿಸುತ್ತದೆ. ದರ್ಜಿ ಅಳತೆ ತೆಗೆದು ಅಂಗಿ ಹೊಲಿದಂತೆ ಎಂದು ನಾನು ಜನರಿಗೆ ಹೇಳುತ್ತೇನೆ. ಆದರೆ ಅಂಗಿ ಬಿಗಿಯಾದರೆ ಬಿಚ್ಚಿಡಬಹುದು. ತಪ್ಪು ಬಿರಡೆ ವಿಷವನ್ನು ಬಿಟ್ಟು ಮೈಯೊಳಗಿನ ಒಳ್ಳೆಯ ಪದಾರ್ಥದ ಬಾಯಿಗೆ ಹೋಗಿ ಕೂತರೆ ಹಾವು ಬಿಟ್ಟ ಮನುಷ್ಯನನ್ನು ನಾವೇ ಕೊಂದಂತೆ.

ಲೆಕ್ಕ ಮಾಮೂಲಿಗೆ ನಮ್ಮಲ್ಲಿ ಆಗುವುದಿಲ್ಲ. ಕೇಬಲ್ ಹಿಡಿದು ನಗರದ ದೊಡ್ಡ ಕಂಪ್ಯೂಟರುಗಳಿಗೆ ಹೋಗುತ್ತದೆ, ನಾವು ಚಹಾ ಕುಡಿದು ಲೋಟ ಇಡುವಷ್ಟರಲ್ಲಿ ಉತ್ತರ ಬರುತ್ತದೆ. ಹಳ್ಳ ಬಂದು ಕೇಬಲ್ ಹರಿದರೆ ಮಾತ್ರ ನನ್ನ ಮೇಜಿನ ಮೇಲಿನ ಕಂಪ್ಯೂಟರೇ ಗತಿ. ಅದು ಬೆಳಿಗ್ಗೆ ಶುರುಮಾಡಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಸುತ್ತದೆ. ಹೋದ ಮಳೆಗಾಲದಲ್ಲಿ ಅದು ಮುಗಿಸುವುದರೊಳಗೆ ಹತ್ತಿ ಬಿಡಿಸುವ ಒಬ್ಬ ಹೆಂಗಸು ತೀರಿಕೊಂಡಳು. ದೊಡ್ಡದೊಂದು ಕಂಪ್ಯೂಟರ್ ಕೊಡಿ ಎಂದು ಬರೆದೆವು. ಪರಿಶೀಲನೆಯಲ್ಲಿದೆ ಎಂದರು. ಆಗ ನನಗೆ ತಲೆಕೆಟ್ಟು, ಇರುವ ಪ್ರೊಸೆಸರನ್ನೇ ಓವರ್‌ಕ್ಲಾಕ್ ಮಾಡುತ್ತೇನೆ ಎಂದು ಕೂತೆ.

ಪ್ರೊಸೆಸರ್ ಒಳಗೆ ಒಂದು ಗಡಿಯಾರ ಟಿಕ್ ಟಿಕ್ ಅನ್ನುತ್ತಿರುತ್ತದೆ. ಪ್ರತಿ ಟಿಕ್‌ಗೂ ಲೆಕ್ಕದ ಒಂದು ಹೆಜ್ಜೆ. ಮಾಡಿದವರು ಅದಕ್ಕೊಂದು ವೇಗ ಗೊತ್ತು ಮಾಡಿ ಕಳಿಸಿರುತ್ತಾರೆ, ಸ್ವಲ್ಪ ಕೈ ಹಿಡಿದೇ ಗೊತ್ತು ಮಾಡಿರುತ್ತಾರೆ. ನಾವು ಆ ವೇಗ ಏರಿಸಬಹುದು. ಏರಿಸಿದರೆ ವಿದ್ಯುತ್ತು ಹೆಚ್ಚು ಕೊಡಬೇಕು, ಹೆಚ್ಚು ಕೊಟ್ಟರೆ ಬಿಸಿ ಏರುತ್ತದೆ, ಬಿಸಿ ಏರಿದರೆ ಲೆಕ್ಕ ತಪ್ಪುತ್ತದೆ. ಕಂಪ್ಯೂಟರ್ ಸ್ತಬ್ಧವಾಗಿ ನಿಂತುಬಿಟ್ಟರೆ ನನಗೆ ಭಯವಿಲ್ಲ, ನಿಂತದ್ದು ಕಣ್ಣಿಗೆ ಕಾಣುತ್ತದಲ್ಲ. ನಿಲ್ಲದೆ, ಏನೂ ಆಗಿಲ್ಲ ಎಂಬಂತೆ ಮುಖ ಮಾಡಿಕೊಂಡು ತಪ್ಪು ಉತ್ತರ ಹೇಳುವುದಕ್ಕೆ ಭಯ. ಆದ್ದರಿಂದ ಪರೀಕ್ಷೆ ಮಾಡಬೇಕು. ಉತ್ತರ ಗೊತ್ತಿರುವ ಲೆಕ್ಕವನ್ನೇ ಮತ್ತೆ ಮತ್ತೆ ಕೊಟ್ಟು, ಇಡೀ ದಿನ ಬೆವರಿಳಿಸಿ, ಒಂದು ಸಲವಾದರೂ ತಪ್ಪಿತೇ ಎಂದು ನೋಡಬೇಕು. ತಪ್ಪಿದರೆ ವೇಗ ಇಳಿಸಿ ಮೊದಲಿನಿಂದ.

ಶ್ರಾವಣದಲ್ಲಿ ನಾನು ಮಾಡಿದ್ದು ಅದನ್ನೇ. ಕ್ಯಾಬಿನೆಟ್ಟಿನ ಮಗ್ಗುಲಿನ ತಗಡು ಬಿಚ್ಚಿ, ಪಕ್ಕದಲ್ಲಿ ಟೇಬಲ್ ಫ್ಯಾನ್ ಹಚ್ಚಿ, ಮಜ್ಜಿಗೆ ಕುಡಿಯುತ್ತ ಕೂತೆ. ಹೊರಗೆ ತಂಪು ಗಾಳಿ, ಜಿಟಿಜಿಟಿ ಮಳೆ. ವೇಗ ಹೆಚ್ಚುಕಡಿಮೆ ಎರಡು ಪಟ್ಟು ಆಯಿತು. ವಾರವಿಡೀ ಓಡಿಸಿದರೂ ಒಂದು ತಪ್ಪು ಬರಲಿಲ್ಲ. ನನ್ನ ಗಂಡ ಫಕೀರಪ್ಪ ಅದೇ ಆಸ್ಪತ್ರೆಯ ಆಂಬುಲೆನ್ಸ್ ಡ್ರೈವರ್. ಮನೆಯಲ್ಲಿ ನನ್ನ ರೊಟ್ಟಿಗೆ ಹೆಸರಿಡುವ ಮನುಷ್ಯ, ಹೊರಗೆ ಹೋಗಿ ಜಿಲ್ಲೆಯಲ್ಲೇ ನನ್ನ ಹೆಂಡತಿಯ ಕಂಪ್ಯೂಟರ್ ಎಲ್ಲಕ್ಕಿಂತ ಜೋರು ಓಡುತ್ತದೆ ಎಂದು ಚಹಾದಂಗಡಿಯಲ್ಲೆಲ್ಲ ಸಾರಿಕೊಂಡು ಬಂದ. ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಯಿತು.

ಆಯುಧ ಪೂಜೆ ಬಂತು. ನಮ್ಮ ಆಸ್ಪತ್ರೆಯಲ್ಲಿ ಅವತ್ತು ಸ್ಟೆತಾಸ್ಕೋಪಿನಿಂದ ಹಿಡಿದು ಕಸಬರಿಗೆಯವರೆಗೆ ಎಲ್ಲಕ್ಕೂ ಪೂಜೆ. ಫಕೀರಪ್ಪ ಆಂಬುಲೆನ್ಸ್ ತೊಳೆದು, ಎರಡೂ ಕಡೆ ಬಾಳೆಕಂಬ ಕಟ್ಟಿ, ಚೆಂಡುಹೂವಿನ ದೊಡ್ಡ ಹಾರ ತಂದ. ಹಾರವನ್ನು ಮುಂದಿನ ಜಾಲರಿಯ ಮೇಲೆ ಇಳಿಬಿಡದೆ ಗಾಜಿನ ಮೇಲಕ್ಕೆ ಎತ್ತಿ ಕಟ್ಟಿದ. ಅಲ್ಲಿ ಯಾಕೆ ಎಂದು ನಾನು ಕೇಳಿದೆ.

"ರೇಡಿಯೇಟರಿಗೆ ಗಾಳಿ ಬೇಕಲ್ಲ. ಗಾಡಿಗೆ ಉಸಿರು ಕಟ್ಟಬಾರದು ನೋಡು" ಎಂದ.

ಆಮೇಲೆ ಉಳಿದ ಹಾರ ಹಿಡಿದು ನನ್ನ ಕೋಣೆಗೆ ಬಂದ. ತಗಡು ಬಿಚ್ಚಿದ ಕಂಪ್ಯೂಟರ್ ನೋಡಿ ಮುಖ ಕಿವಿಚಿದ. ಹೊಟ್ಟೆ ತೆರೆದುಕೊಂಡು ಕೂತದ್ದಕ್ಕೆ ವಿಭೂತಿ ಹಚ್ಚುವುದು ಹೇಗೆ, ಹಬ್ಬದ ದಿನವಾದರೂ ಅದಕ್ಕೆ ಮೈತುಂಬ ಬಟ್ಟೆ ಹಾಕು ಎಂದು ನಗಾಡಿದ. ನಾನೂ ನಕ್ಕು ತಗಡು ಕೂರಿಸಿ ಸ್ಕ್ರೂ ಬಿಗಿದೆ. ಅವನು ಅದಕ್ಕೆ ಮೂರೆಳೆ ವಿಭೂತಿ ಎಳೆದ, ಕುಂಕುಮ ಇಟ್ಟ, ಹಾರವನ್ನು ಮುಂಭಾಗಕ್ಕೆ ಇಳಿಬಿಟ್ಟ. ದೀಪ ಬೆಳಗಿ ಕಾಯಿ ಒಡೆದೆವು. ಪೂಜೆ ಮಾಡಿದ ಆಯುಧವನ್ನು ಅವತ್ತು ಮುಟ್ಟುವಂತಿಲ್ಲ. ಹಾರವನ್ನು ಮರುದಿನ ಸಂಜೆ ಬನ್ನಿ ಹಂಚುವ ಹೊತ್ತಿಗೇ ತೆಗೆಯಬೇಕು ಎಂಬುದು ನಮ್ಮ ಅತ್ತೆ ದ್ಯಾಮವ್ವನ ಕಟ್ಟಳೆ. ಕಂಪ್ಯೂಟರ್ ಬಂದ್ ಮಾಡಿ ಮನೆಗೆ ಹೋದೆವು.

ಆ ರಾತ್ರಿ ಮೇಲಿನ ಸೀಮೆಯಲ್ಲಿ ಮಳೆ ಸುರಿಯಿತಂತೆ. ಬೆಳಗಾಗುವಾಗ ಹಳ್ಳ ಸೇತುವೆಯ ಮೇಲೆ ಹರಿಯುತ್ತಿತ್ತು. ಕೇಬಲ್ ಹೋಯಿತು. ಊರಿನಲ್ಲಿ ಮಾತ್ರ ಮಳೆಯಿಲ್ಲ, ಮೋಡ ಮುಚ್ಚಿಕೊಂಡು ಬೇಯಿಸುವ ಸೆಕೆ.

ಮಧ್ಯಾಹ್ನದ ಊಟಕ್ಕೆ ಮೊದಲು ಫಕೀರಪ್ಪ ಬನ್ನಿ ಸೊಪ್ಪು ತರಲು ಹೊಲದ ಬದುವಿಗೆ ಹೋದ. ನಾನು ಹೋಳಿಗೆ ಬೇಯಿಸುತ್ತಿದ್ದೆ, ಅತ್ತೆ ಕಟ್ಟಿನ ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. ಓಣಿಯ ಜನ ಅವನನ್ನು ಬೈಕಿನ ನಡುವೆ ಕೂರಿಸಿಕೊಂಡು ಬಂದರು. ಎಡಗೈ ಮೊಣಕೈವರೆಗೆ ಊದಿತ್ತು. ಕೆಳಗೆ ಬಿದ್ದ ಬನ್ನಿ ಟೊಂಗೆ ಎತ್ತಿಕೊಳ್ಳಲು ಕಲ್ಲುಗಳ ನಡುವೆ ಕೈ ಹಾಕಿದ್ದನಂತೆ. ಕಚ್ಚಿದ್ದು ಕೊಳಕುಮಂಡಲ. ನೆಟ್ಟಗೆ ಆಸ್ಪತ್ರೆಗೆ ಹೋಗದೆ ಮನೆಗೆ ಯಾಕೆ ಬಂದಿರಿ ಎಂದು ನಾನು ಅವರನ್ನೇ ಬೈದೆ. ಹೆಂಚಿನ ಮೇಲಿದ್ದ ಹೋಳಿಗೆ ಅಲ್ಲಿಯೇ ಬಿಟ್ಟು ಓಡಿದೆವು.

ಆಸ್ಪತ್ರೆಯ ಬಾಗಿಲಲ್ಲಿ ಬಾಳೆಕಂಬ ಕಟ್ಟಿಕೊಂಡ ಆಂಬುಲೆನ್ಸ್ ನಿಂತಿತ್ತು. ಅದನ್ನು ಓಡಿಸುವವನು ಸ್ಟ್ರೆಚರಿನ ಮೇಲಿದ್ದ. ಓಡಿಸುವವನಿದ್ದರೂ ದಾಟುವ ದಾರಿ ಇರಲಿಲ್ಲ.

ಡಾಕ್ಟರ್ ಮುಮ್ತಾಜ್ ನದಾಫ್ ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ನನ್ನನ್ನು ಅಕ್ಕಾ ಎನ್ನುತ್ತಾರೆ. ಕೆಲಸದಲ್ಲಿ ಕಲ್ಲಿನಂಥವರು. ಫ್ರಿಜ್ಜಿನಲ್ಲಿದ್ದ ಹಳೆಯ ಪ್ರತಿವಿಷವನ್ನೆಲ್ಲ ಏರಿಸಿದರು. ರಕ್ತ ತೆಗೆದು ಒಂದು ಗಾಜಿನ ನಳಿಕೆಗೆ ಹಾಕಿ ಕಿಟಕಿಯಲ್ಲಿ ಇಟ್ಟರು. ಅದನ್ನು ಇಪ್ಪತ್ತು ನಿಮಿಷ ಯಾರೂ ಅಲುಗಾಡಿಸಬಾರದು, ಆಮೇಲೆ ಓರೆ ಮಾಡಿ ನೋಡಬೇಕು. ಒಳ್ಳೆಯ ರಕ್ತವಾದರೆ ಹೆಪ್ಪುಗಟ್ಟಿ ನಿಲ್ಲುತ್ತದೆ. ಮಂಡಲದ ವಿಷ ಇದ್ದರೆ ನೀರಿನಂತೆ ಜಾರುತ್ತದೆ. ಓರೆ ಮಾಡಿದರು, ಜಾರಿತು. ಕಾದು ಮತ್ತೊಮ್ಮೆ ಮಾಡಿದರು. ಆಗಲೂ ಜಾರಿತು. ಅಷ್ಟರಲ್ಲಿ ಅವನ ಒಸಡಿನಿಂದ ರಕ್ತ ಒಸರಲು ಶುರುವಾಗಿತ್ತು.

ಡಾಕ್ಟರ್ ನನ್ನನ್ನು ಹೊರಗೆ ಕರೆದು ಇದ್ದದ್ದನ್ನು ಇದ್ದಂತೆ ಹೇಳಿದರು. ಹಳೆಯ ಔಷಧ ಹಿಡಿಯುತ್ತಿಲ್ಲ, ಕತ್ತಲಾಗುವುದರೊಳಗೆ ಸರಿಯಾದ ಮದ್ದು ಹೋಗದಿದ್ದರೆ ಮೂತ್ರಪಿಂಡ ನಿಲ್ಲುತ್ತವೆ, ಆಮೇಲೆ ಮಿದುಳಿನಲ್ಲಿ ರಕ್ತ ಇಳಿದರೆ ತಮ್ಮ ಕೈಯಲ್ಲಿ ಏನೂ ಇಲ್ಲ. ಜಿಲ್ಲಾಸ್ಪತ್ರೆಗೆ ಫೋನ್ ಮಾಡಿದರು. ಮೊಬೈಲ್ ಟವರಿನ ಮೇಲೆ ಮಾತು ಹೋಗುತ್ತಿತ್ತು. ಆದರೆ ನನ್ನ ಯಂತ್ರ ಓದುವ ವಿಷದ ಆಕಾರಗಳು ಹೋಗಲು ಆ ಸಣ್ಣ ದಾರಿ ಸಾಲುವಂಥದ್ದಲ್ಲ.

"ನಿಮ್ಮ ಮಷೀನ್ ಮಾಡತೈತೇನಕ್ಕಾ?" ಎಂದು ಕೇಳಿದರು.

ನಾನು ಮಾಡುತ್ತದೆ ಎಂದೆ. ಅವನು ಒಳಗಿನಿಂದ ಕೇಳಿಸಿಕೊಂಡಿರಬೇಕು. ನಾನು ಗಾಯದ ಹನಿ ತೆಗೆದುಕೊಳ್ಳಲು ಬಗ್ಗಿದಾಗ, "ನಿನ್ನ ಕಂಪ್ಯೂಟರ್ ಐತಲ್ಲ, ನಾ ಯಾಕ ಅಂಜಲಿ" ಎಂದ. ಹಲ್ಲೆಲ್ಲ ಕೆಂಪಾಗಿದ್ದವು.

ಕೋಣೆಗೆ ಬಂದು ಕಂಪ್ಯೂಟರ್ ಹಚ್ಚಿದೆ. ವೇಗವನ್ನು ಶ್ರಾವಣದಲ್ಲಿ ಪರೀಕ್ಷೆ ಮಾಡಿದ ಮಟ್ಟಕ್ಕೆ ಏರಿಸಿದೆ. ತಗಡು ಬಿಚ್ಚಬೇಕೆನಿಸಿತು, ಸ್ಕ್ರೂ ಡ್ರೈವರ್ ಹುಡುಕಲು ವ್ಯವಧಾನ ಇರಲಿಲ್ಲ. ಒಂದು ನಿಮಿಷ ಉಳಿದರೆ ಅಷ್ಟು ಬಂತು ಎಂದುಕೊಂಡೆ. ಆಮೇಲೆ ಹಾರದ ಕಡೆ ಕೈ ಹೋಯಿತು.

ಇಲ್ಲಿ ನನಗೇ ನಾಚಿಕೆಯಾಗುವ ಮಾತು. ನಾನು ಶಕುನ ಗಿಕುನ ನಂಬುವವಳಲ್ಲ. ಬೆಕ್ಕು ಅಡ್ಡ ಬಂದರೆ ಬೆಕ್ಕಿಗೇ ಬೈದು ಮುಂದೆ ಹೋಗುತ್ತೇನೆ. ಆದರೆ ಗಂಡ ತನ್ನ ಕೈಯಾರೆ ಹಾಕಿದ ಹಾರ, ಅವನು ಅಲ್ಲಿ ಮಂಚದ ಮೇಲೆ ರಕ್ತ ಉಗುಳುತ್ತಿರುವಾಗ, ಸಂಜೆಯ ಮೊದಲೇ ಕಿತ್ತು ನೆಲಕ್ಕೆ ಹಾಕಲು ಕೈ ಬರಲಿಲ್ಲ. ಹಾರವನ್ನು ಒಂದು ಮಗ್ಗುಲಿಗೆ ಸರಿಸಿದೆ ಅಷ್ಟೇ. ಲೆಕ್ಕ ಶುರುವಾಯಿತು. ಪರದೆಯ ಮೇಲೆ ವಿಷದ ಕಣವೊಂದು ನಿಧಾನ ತಿರುಗತೊಡಗಿತು, ಸುತ್ತ ಬಿರಡೆಯ ತುಣುಕುಗಳು ಬಂದು ಬಂದು ಕೂತು ನೋಡಿ ಹೋಗತೊಡಗಿದವು.

ವಾರ್ಡಿಗೂ ಕೋಣೆಗೂ ನಡುವೆ ಇರುವುದು ಒಂದು ಉದ್ದನೆಯ ಮೊಗಸಾಲೆ. ಅಲ್ಲಿಯ ಬೆಂಚಿನ ಮೇಲೆ ಅತ್ತೆ ಕೂತಿದ್ದರು. ಅಳುತ್ತಿರಲಿಲ್ಲ. ಮಗನ ಅಂಗಿ ತೊಡೆಯ ಮೇಲಿಟ್ಟುಕೊಂಡು, ಅದರ ಜೇಬಿನಲ್ಲಿ ಉಳಿದಿದ್ದ ಬನ್ನಿ ಎಲೆಗಳನ್ನು ತೆಗೆದು ಒಂದೊಂದಾಗಿ ಸೆರಗಿನ ತುದಿಗೆ ಹಾಕಿಕೊಳ್ಳುತ್ತಿದ್ದರು. ನಾನು ಹೋದಾಗೆಲ್ಲ ಆಯಿತೇ ಎಂದು ಕಣ್ಣಿನಲ್ಲೇ ಕೇಳುತ್ತಿದ್ದರು. ಆಗುತ್ತದೆ ಎನ್ನುತ್ತಿದ್ದೆ. ಒಳಗೆ ಹೋಗಿ ನೋಡಿದರೆ ಅವನ ಕೈಯ ಕಪ್ಪು ಮೇಲಕ್ಕೆ ಏರುತ್ತಿತ್ತು. ಕೋಣೆಗೆ ಬಂದು ನೋಡಿದರೆ ಪರದೆಯ ಮೂಲೆಯಲ್ಲಿ ಪ್ರೊಸೆಸರಿನ ಬಿಸಿಯ ಅಂಕಿ ಏರುತ್ತಿತ್ತು. ಶ್ರಾವಣದಲ್ಲಿ ಕಂಡ ಅಂಕಿಗಿಂತ ಜಾಸ್ತಿ. ಇವತ್ತು ಸೆಕೆ, ಅದಕ್ಕೇ ಇರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ತಾನೇ ನಿಂತುಬಿಡುವಷ್ಟು ಬಿಸಿಯಾಗಿಲ್ಲವಲ್ಲ, ಓಡುತ್ತಿದೆಯಲ್ಲ.

ಹೊತ್ತು ಇಳಿಯುವ ಮೊದಲೇ ಲೆಕ್ಕ ಮುಗಿಯಿತು. ಉತ್ತರ ಬಂತು, ಪೆಟ್ಟಿಗೆಗೆ ಕಳಿಸಲೇ ಎಂದು ಪರದೆ ಕೇಳಿತು. ನನ್ನ ಬೆರಳು ಆ ಗುಂಡಿಯ ಮೇಲೆ ಹೋಗಿ ಕೂತಿತು.

ನನ್ನ ಕೋಣೆಗೆ ನಾನೇ ಮಾಡಿಕೊಂಡ ಒಂದು ನಿಯಮ ಇದೆ. ನಮ್ಮ ಕಂಪ್ಯೂಟರಿನಲ್ಲಿ ಹಾಕಿದ ಯಾವ ಲೆಕ್ಕವನ್ನೂ ತಾಳೆ ನೋಡದೆ ಪೆಟ್ಟಿಗೆಗೆ ಕಳಿಸಬಾರದು. ಹಳೆಯ ಒಂದು ಹಾವಿನ ವಿಷ, ಅದರ ಸರಿ ಉತ್ತರ ನಮ್ಮಲ್ಲಿದೆ. ಅದರ ಒಂದು ಭಾಗವನ್ನು ಕಂಪ್ಯೂಟರಿಗೆ ಆಗಿಂದಾಗಲೇ ಕೊಟ್ಟು, ಅದು ಹೇಳುವ ಉತ್ತರಕ್ಕೂ ನಮ್ಮ ಉತ್ತರಕ್ಕೂ ಕೂದಲೆಳೆ ವ್ಯತ್ಯಾಸ ಇಲ್ಲವೇ ಎಂದು ನೋಡಬೇಕು. ಅದಕ್ಕೆ ಅರ್ಧ ಗಂಟೆ ಹಿಡಿಯುತ್ತದೆ. ಈ ನಿಯಮಕ್ಕಾಗಿ ನಾನು ಡಾಕ್ಟರ್ ಜೊತೆಗೂ ಜಗಳ ಮಾಡಿದ್ದೇನೆ. ರೋಗಿ ಯಾರೇ ಇರಲಿ, ಮಂತ್ರಿಯ ಮಗನೇ ಇರಲಿ, ತಾಳೆ ಆಗದೆ ಒಂದು ಹನಿಯೂ ಹೊರಗೆ ಹೋಗುವುದಿಲ್ಲ ಎಂದು ಕೂಗಾಡಿದ್ದೇನೆ. ಈಗ ಮಂಚದ ಮೇಲೆ ಇದ್ದವನು ನನ್ನ ಗಂಡ. ಅರ್ಧ ಗಂಟೆ ಎಂದರೆ ಎಷ್ಟು ದೊಡ್ಡದು ಎಂದು ನನಗೆ ಅವತ್ತು ಗೊತ್ತಾಯಿತು.

ಡಾಕ್ಟರ್ ಬಾಗಿಲಲ್ಲಿ ಬಂದು ನಿಂತಿದ್ದರು. ಮೂತ್ರದಲ್ಲಿ ರಕ್ತ ಬರಲು ಶುರುವಾಗಿದೆ ಎಂದರು. ಆಮೇಲೆ ಪರದೆ ನೋಡಿ, "ಇದು ಖಾತ್ರಿ ಏನಕ್ಕಾ?" ಎಂದು ಕೇಳಿದರು.

ಖಾತ್ರಿ ಎನ್ನಬೇಕೆಂದೇ ಬಾಯಿ ತೆರೆದೆ. "ಇನ್ನೂ ಇಲ್ರಿ" ಎಂದಿತು ನನ್ನ ಬಾಯಿ. ಬೆರಳು ತೆಗೆದು ಹಳೆಯ ಹಾವಿನ ವಿಷವನ್ನು ಹಾಕಿದೆ.

ಆ ಅರ್ಧ ಗಂಟೆ ನಾನು ವಾರ್ಡಿಗೆ ಹೋಗಲಿಲ್ಲ. ಹೋದರೆ ವಾಪಸು ಬಂದು ಗುಂಡಿ ಒತ್ತಿಬಿಡುತ್ತೇನೆಂದು ನನಗೆ ಗೊತ್ತಿತ್ತು. ಕುರ್ಚಿಯ ತೋಳು ಗಟ್ಟಿಯಾಗಿ ಹಿಡಿದು ಕೂತೆ. ಉತ್ತರ ಬಂತು. ಕೆಂಪು ಅಕ್ಷರ. ತಾಳೆಯಾಗಲಿಲ್ಲ. ಮೊದಲಿನ ಅಂಕಿಗಳೆಲ್ಲ ಸರಿ, ಎಲ್ಲೋ ದೂರದ ಒಂದೆರಡು ಅಂಕಿ ಬೇರೆ. ಅಷ್ಟು ಸಾಕು. ಬಿರಡೆ ಓರೆಯಾಗಿ ಕೂರುತ್ತದೆ, ಅಥವಾ ಬೇರೆ ಬಾಯಿಗೆ ಹೋಗಿ ಕೂರುತ್ತದೆ. ಮಧ್ಯಾಹ್ನದಿಂದ ಆ ಯಂತ್ರ ನನ್ನ ಮುಖ ನೋಡುತ್ತ ಸುಳ್ಳು ಲೆಕ್ಕ ಹಾಕುತ್ತಿತ್ತು.

ನಾನು ಅದಕ್ಕೆ ಏನೇನು ಬೈದೆನೋ ಬರೆಯುವಂತಿಲ್ಲ. ವಾರವಿಡೀ ಬೆವರಿಳಿಸಿದಾಗ ತಪ್ಪದ ಮುಂಡೇದು ಇವತ್ತು ಯಾಕೆ ತಪ್ಪಿತು? ಅದೇ ವೇಗ, ಅದೇ ವಿದ್ಯುತ್ತು, ಅದೇ ಪ್ರೊಸೆಸರ್. ತಲೆ ಹಿಡಿದುಕೊಂಡು ಮೇಜಿಗೆ ಬಗ್ಗಿದೆ. ಆಗ ಮೂಗಿಗೆ ಬಡಿಯಿತು. ಚೆಂಡುಹೂವನ್ನು ಹೆಂಚಿನ ಮೇಲೆ ಹುರಿದಂಥ ವಾಸನೆ.

ಮಗ್ಗುಲಿಗೆ ಸರಿಸಿದ್ದ ಹಾರ ಅಲ್ಲಿರಲಿಲ್ಲ. ಒಳಗಿನ ಫ್ಯಾನು ಎಳೆದ ಗಾಳಿಗೆ ಅದು ವಾಪಸು ಬಂದು ಮುಂಭಾಗದ ಜಾಲರಿಗೆ ಮೈಯೆಲ್ಲ ಒತ್ತಿಕೊಂಡು ಕೂತಿತ್ತು. ವಿಭೂತಿ ಒಣಗಿ ಉದುರಿ ಜಾಲರಿಯ ಕಣ್ಣುಗಳನ್ನು ಮುಚ್ಚಿತ್ತು. ನಾನು ಪರೀಕ್ಷೆ ಮಾಡಿದ್ದು ಮಗ್ಗುಲು ತೆರೆದ, ಟೇಬಲ್ ಫ್ಯಾನ್ ಹಚ್ಚಿದ, ಶ್ರಾವಣದ ತಂಪಿನಲ್ಲಿ ಕೂತ ಯಂತ್ರವನ್ನು. ಓಡಿಸಿದ್ದು ತಗಡು ಮುಚ್ಚಿ, ಹಾರ ಹಾಕಿಸಿಕೊಂಡು, ಸೆಕೆಯಲ್ಲಿ ಉಸಿರು ಕಟ್ಟಿದ ಯಂತ್ರವನ್ನು. ಎರಡೂ ಒಂದೇ ಎಂದುಕೊಂಡಿದ್ದೆ ನಾನು, ದೊಡ್ಡ ಶಾಣ್ಯಾಕಿ.

ಹಾರ ಕಿತ್ತೆ. ದಾರ ಹರಿದು ಹೂವೆಲ್ಲ ಮೈಮೇಲೆ ಚೆಲ್ಲಿದವು. ತಿರುಗಿ ನೋಡಿದರೆ ಅತ್ತೆ ಬಾಗಿಲಲ್ಲಿ ನಿಂತಿದ್ದರು. ಬನ್ನಿ ಹಂಚುವವರೆಗೆ ಮುಟ್ಟಬೇಡ ಎಂದಿದ್ದವರು. ನೆಲದ ಮೇಲಿನ ಹೂ ನೋಡಿದರು, ನನ್ನ ಮುಖ ನೋಡಿದರು. ನಾನು ಹೇಳಿದೆ, ಈ ಹಾರದಿಂದ ಲೆಕ್ಕ ತಪ್ಪಿತು, ಮತ್ತೆ ಮಾಡಬೇಕು, ಹೊತ್ತು ಇಲ್ಲ. ಅವರಿಗೆ ಎಷ್ಟು ತಿಳಿಯಿತೋ. "ನನ್ನ ಮಗಾ ಹಾಕಿದ್ದಲ್ಲೇನು ಇದು?" ಎಂದು ಕೇಳಿದರು.

"ಅವರಿಗೆ ಹೇಳಬ್ಯಾಡ್ರಿ ಅತ್ತಿ."

ಅವರು ತಲೆಯಾಡಿಸಿ ನೆಲದ ಮೇಲೆ ಕೂತುಬಿಟ್ಟರು. ನಾನು ಡ್ರಾಯರ್ ತಡಕಾಡಿ ಸ್ಕ್ರೂ ಡ್ರೈವರ್ ತೆಗೆದು ತಗಡು ಬಿಚ್ಚಿದೆ. ಫ್ಯಾನಿನ ರೆಕ್ಕೆಗಳ ಸಂದಿಯಲ್ಲಿ ಹೂವಿನ ಎಸಳು ಸಿಕ್ಕಿಕೊಂಡು ಅರ್ಧ ತಿರುಗಿ ಅರ್ಧ ನಿಲ್ಲುತ್ತಿತ್ತು. ಅತ್ತೆ ತುರುಬಿನ ಪಿನ್ನು ಕಿತ್ತು ಒಂದೊಂದೇ ಎಸಳು ತೆಗೆಯುತ್ತ ಹೋದರು. ಡಾಕ್ಟರ್ ಲಸಿಕೆಯ ಡಬ್ಬಿಯಿಂದ ಮಂಜುಗಡ್ಡೆಯ ಪೊಟ್ಟಣ ತಂದರು. ಅವನ್ನು ಟೇಬಲ್ ಫ್ಯಾನಿನ ಮುಂದೆ ಸಾಲಾಗಿಟ್ಟೆವು. ನೀರು ಒಳಗೆ ಹನಿಯದಂತೆ ಕೆಳಗೆ ಬಟ್ಟೆ ಹಾಸಿದೆ.

ಇನ್ನು ಮೊದಲಿನಿಂದ ಮಾಡಿದರೆ ಕತ್ತಲಾಗಿ ಹೋಗುತ್ತದೆ. ಪ್ರೋಗ್ರಾಂ ನಡುನಡುವೆ ತನ್ನ ಲೆಕ್ಕವನ್ನು ಉಳಿಸಿಡುತ್ತದೆ, ಬಿಸಿಯ ಅಂಕಿಯನ್ನೂ ಉಳಿಸಿಡುತ್ತದೆ. ತಿರುಗಿಸಿ ನೋಡಿದೆ. ಶುರುವಿನ ಒಂದು ಪಾಲು ಯಂತ್ರ ಇನ್ನೂ ತಣ್ಣಗಿದ್ದಾಗಿನದು, ಬಿಸಿ ಶ್ರಾವಣದ ಮಟ್ಟದೊಳಗೇ ಇತ್ತು. ಅಲ್ಲಿಯವರೆಗಿನದು ಸರಿ ಇರಬೇಕು. ಇರಬೇಕು ಎನ್ನುವುದರ ಮೇಲೆ ಗಂಡನನ್ನು ಬಿಡುವುದು ಹೇಗೆ? ಆ ಪಾಲಿನ ಕೊನೆಯ ತುಣುಕನ್ನು ಮತ್ತೆ ಲೆಕ್ಕ ಹಾಕಿಸಿದೆ. ಹೊಂದಿತು. ಅಲ್ಲಿಂದ ಮುಂದಕ್ಕೆ ಹೊರಡಿಸಬಹುದು.

ಎಷ್ಟು ವೇಗದಲ್ಲಿ ಎಂಬುದೇ ಉಳಿದ ಪ್ರಶ್ನೆ. ಶ್ರಾವಣದ ವೇಗ ಇಟ್ಟರೆ ಬೇಗ ಮುಗಿಯುತ್ತದೆ. ಆದರೆ ಎಸಳು ತಿಂದ ಈ ಫ್ಯಾನು, ಈ ಸೆಕೆ, ಇವುಗಳ ಜೊತೆ ಅದನ್ನು ನಾನು ಪರೀಕ್ಷಿಸಿಲ್ಲ. ಮತ್ತೊಮ್ಮೆ ತಾಳೆ ತಪ್ಪಿದರೆ ಮೂರನೆಯ ಸಲ ಮಾಡಲು ಅವನು ಇರುವುದಿಲ್ಲ. ಮೂಲ ವೇಗಕ್ಕೆ ಇಳಿಸಿದರೆ ಖಾತ್ರಿ ತಪ್ಪುವುದಿಲ್ಲ, ಖಾತ್ರಿ ತಡವಾಗುತ್ತದೆ. ಜಿಲ್ಲೆಯಲ್ಲೇ ಜೋರು ಎಂದು ಅವನು ಸಾರಿದ್ದ ಆ ಅಂಕಿಯನ್ನು ಎರಡು ಮೆಟ್ಟಿಲು ಇಳಿಸಿದೆ, ಲೆಕ್ಕ ಹೊರಡಿಸಿದೆ. ಸರಿಯೋ ತಪ್ಪೋ ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

ವಾರ್ಡಿಗೆ ಹೋದೆ. ಅವನು ಅರೆ ಎಚ್ಚರದಲ್ಲಿದ್ದ. ಯಾಕೆ ತಡ ಎಂದು ಕೇಳಿದ. ಇನ್ನೊಂದು ಸಲ ನೋಡುತ್ತಿದ್ದೇನೆ ಎಂದೆ. "ನೋಡು, ನೋಡು" ಎಂದು ಕಣ್ಣು ಮುಚ್ಚಿದ. ಡಾಕ್ಟರ್ ಅವನ ಬೆರಳುಗಳನ್ನು ಮುಟ್ಟಿ ನೋಡಿ ಹೆಬ್ಬೆರಳಿನ ಪಕ್ಕದ ಎರಡು ಬೆರಳು ತಣ್ಣಗಾಗಿವೆ ಎಂದು ಇಂಗ್ಲಿಷಿನಲ್ಲಿ ನರ್ಸಿಗೆ ಹೇಳಿದರು. ನನಗೆ ತಿಳಿಯದಿರಲಿ ಎಂದಿರಬೇಕು.

ಹೊರಗೆ ಊರಿನಲ್ಲಿ ಬನ್ನಿ ಹಂಚುವ ಗದ್ದಲ ಶುರುವಾಯಿತು. ಮಕ್ಕಳು ಮನೆಮನೆಗೆ ಓಡುವ ಸದ್ದು ಆಸ್ಪತ್ರೆಯ ಗೋಡೆಯಾಚೆ ಕೇಳುತ್ತಿತ್ತು. ಅತ್ತೆ ಕೋಣೆ ಬಿಟ್ಟು ಏಳಲಿಲ್ಲ. ಮಂಜುಗಡ್ಡೆ ಕರಗಿದ ಪೊಟ್ಟಣ ಬದಲಿಸುತ್ತ, ಒದ್ದೆ ಬಟ್ಟೆ ಹಿಂಡಿ ಹಾಕುತ್ತ, ಹಸುಗೂಸಿನ ಬಾಣಂತನ ಮಾಡಿದಂತೆ ಆ ಕಂಪ್ಯೂಟರಿನ ಮುಂದೆ ಕೂತಿದ್ದರು. ಬಿಸಿಯ ಅಂಕಿ ಒಂದೇ ಕಡೆ ನಿಂತಿತ್ತು. ಮತ್ತೆ ಏರಲಿಲ್ಲ.

ಲೆಕ್ಕ ಮುಗಿಯಿತು. ಮತ್ತೆ ತಾಳೆ, ಮತ್ತೆ ಅರ್ಧ ಗಂಟೆ. ಈ ಸಲ ಬಿಡು ಎಂದು ಒಳಗೆ ಯಾರೋ ಕೂಗುತ್ತಿದ್ದರು. ಬಿಡಲಿಲ್ಲ. ಹಸಿರು ಅಕ್ಷರ ಬಂದಾಗ ಗುಂಡಿ ಒತ್ತಿದೆ. ಪೆಟ್ಟಿಗೆ ಗುರುಗುಟ್ಟಿ ಸಿರಿಂಜಿಗೆ ಮದ್ದು ಇಳಿಸಿತು. ಡಾಕ್ಟರ್ ಕೈಗೆ ಅದನ್ನು ಕೊಡುವಾಗ ಕಿಟಕಿಯಲ್ಲಿ ಬೆಳಕು ಹೆಚ್ಚೇನೂ ಉಳಿದಿರಲಿಲ್ಲ.

ಮದ್ದು ಹೋಯಿತು. ಸ್ವಲ್ಪ ಹೊತ್ತಿನ ಮೇಲೆ ರಕ್ತ ತೆಗೆದು ನಳಿಕೆಗೆ ಹಾಕಿ ಅದೇ ಕಿಟಕಿಯಲ್ಲಿ ಇಟ್ಟರು. ನಾನು, ಡಾಕ್ಟರ್, ಅತ್ತೆ ಮೂವರೂ ಅದನ್ನೇ ನೋಡುತ್ತ ನಿಂತೆವು. ಮುಟ್ಟುವಂತಿಲ್ಲ, ಅಲುಗಾಡಿಸುವಂತಿಲ್ಲ. ಅತ್ತೆ ಉಸಿರು ಕೂಡ ಆ ಕಡೆ ಬಿಡದೆ ಸೆರಗು ಬಾಯಿಗಿಟ್ಟುಕೊಂಡಿದ್ದರು. ಹೊತ್ತಾದ ಮೇಲೆ ಡಾಕ್ಟರ್ ನಳಿಕೆ ತೆಗೆದುಕೊಳ್ಳಲು ಕೈ ಚಾಚಿ, ಯಾಕೋ ತಡೆದು, ನೀವೇ ನೋಡಿ ಎಂದು ನನಗೆ ಬಿಟ್ಟರು.

ಓರೆ ಮಾಡಿದೆ. ರಕ್ತ ಜಾರಲಿಲ್ಲ. ಇನ್ನೂ ಓರೆ ಮಾಡಿದೆ, ಪೂರ್ತಿ ಮಲಗಿಸಿದೆ. ಹೆಪ್ಪು ಹಾಕಿದ ಮೊಸರಿನಂತೆ ನಿಂತಲ್ಲೇ ನಿಂತಿತ್ತು. ನಾನು ನೆಲದ ಮೇಲೆ ಕೂತು ಅತ್ತುಬಿಟ್ಟೆ. ಆಸ್ಪತ್ರೆಯಲ್ಲಿ ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ, ನೋಡಲಿ ಎಂದು ಮನಸಾರೆ ಅತ್ತುಬಿಟ್ಟೆ.

ಹಳ್ಳ ಇಳಿದ ಮೇಲೆ ಅವನನ್ನು ಜಿಲ್ಲಾಸ್ಪತ್ರೆಗೆ ಕರೆದೊಯ್ದೆವು. ಮೂತ್ರಪಿಂಡ ಉಳಿದವು. ಎಡಗೈಯ ಎರಡು ಬೆರಳು ಉಳಿಯಲಿಲ್ಲ. ಮೊದಲ ಸಲವೇ ಲೆಕ್ಕ ಸರಿಯಾಗಿದ್ದರೆ ಉಳಿಯುತ್ತಿದ್ದವೇನೋ ಎಂದು ನಾನು ಕೇಳಿದೆ. ಅಲ್ಲಿಯ ಡಾಕ್ಟರು ಇರಬಹುದು ಎಂದರು. ಗೇರು ಹಾಕುವ ಕೈ ಅದು. ಡ್ರೈವರ್ ಕೆಲಸ ಮಾಡುವವನಿಗೆ ಗೇರಿನ ಕೈ ಹೋದರೆ ಏನು ಉಳಿಯಿತು ಎಂದು ಯೋಚಿಸಿ ಯೋಚಿಸಿ ನನಗೆ ಅನ್ನ ಸೇರುತ್ತಿರಲಿಲ್ಲ.

ಬ್ಯಾಂಡೇಜು ಬದಲಿಸಿದ ಒಂದು ಬೆಳಿಗ್ಗೆ ಅವನು ಎದ್ದು ಕೂತು ಕೇಳಿದ, ಮೊದಲ ಸಲ ಯಾಕೆ ತಪ್ಪಿತು ಎಂದು. ತಗಡು ಬಿಚ್ಚಿ ಪರೀಕ್ಷೆ ಮಾಡಿದ್ದೆ, ಮುಚ್ಚಿ ಓಡಿಸಿದೆ, ತಪ್ಪು ನನ್ನದು ಎಂದೆ. ಅದು ಸುಳ್ಳಲ್ಲ. ಉಳಿದದ್ದನ್ನು ಹೇಳಲಿಲ್ಲ. ಅತ್ತೆ ಬಾಳೆಹಣ್ಣು ಸುಲಿಯುತ್ತ ಕಿಟಕಿಯ ಕಡೆ ತಿರುಗಿಕೊಂಡರು.

ಅವನು ನನ್ನನ್ನೇ ನೋಡಿದ. ಇಪ್ಪತ್ತು ವರ್ಷ ಗಾಡಿ ಓಡಿಸಿದವನು.

"ಅದೂ ಮುಂದಿನಿಂದ ಉಸಿರಾಡತೈತೇನು?" ಎಂದ.

ಹೌದೆಂದು ತಲೆಯಾಡಿಸಿದೆ. ಅವನು ಪಟ್ಟಿ ಸುತ್ತಿದ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಹಾರವನ್ನು ಗಾಡಿಗೆ ಎತ್ತಿ ಕಟ್ಟಿದ್ದ, ನನ್ನದಕ್ಕೆ ಇಳಿಬಿಟ್ಟಿದ್ದ. ಅವನು ಅಳುತ್ತಾನೆ ಎಂದುಕೊಂಡೆ, ಇಲ್ಲವೇ ನನ್ನನ್ನು ಬೈಯುತ್ತಾನೆ. ಎರಡೂ ಮಾಡಲಿಲ್ಲ. ಆಮೇಲೆ ಉಳಿದ ಬೆರಳುಗಳಿಂದ ನನ್ನ ಕೈ ಹಿಡಿದ.

"ಮುಂದಿನ ವರ್ಷಾನೂ ನಾ ಹಾರ ಹಾಕಾಂವನ" ಎಂದ. "ನೀ ಹಾರ ಹಾಕೇ ಪರೀಕ್ಷಾ ಮಾಡು."

ಈಗ ಹಾಗೆಯೇ ಮಾಡುತ್ತೇನೆ. ತಗಡು ಮುಚ್ಚಿ, ಕಿಟಕಿ ಮುಚ್ಚಿ, ಸೆಕೆಯ ದಿನ ನೋಡಿ, ಸಂತೆಯಿಂದ ಚೆಂಡುಹೂ ತರಿಸಿ ಜಾಲರಿಯ ತುಂಬ ಇಳಿಬಿಟ್ಟು ಇಡೀ ದಿನ ಓಡಿಸುತ್ತೇನೆ. ವೇಗದ ಅಂಕಿ ಮೊದಲಿನಷ್ಟಿಲ್ಲ, ಜಿಲ್ಲೆಯಲ್ಲಿ ನಮಗಿಂತ ಜೋರು ಓಡುವ ಯಂತ್ರಗಳು ಇರಬಹುದು. ಅವನು ಈಗ ಗೇರಿಲ್ಲದ ಹೊಸ ಆಂಬುಲೆನ್ಸ್ ಓಡಿಸುತ್ತಾನೆ. ಪರೀಕ್ಷೆಯ ಹಾರವನ್ನು ಅವನೇ ತಂದುಕೊಡುತ್ತಾನೆ.